ಬಾತ್‌ರೂಮ್ ಹಿಡಿಕೆ: ಅಂಟಿಸೋದಾ, ಗೋಡೆ ಕೊರೆಸೋದಾ, ಕಮೋಡ್ ಸುತ್ತ ನಿಲ್ಲಿಸೋದಾ?

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ವಯಸ್ಸಾದವರಿದ್ದರೆ ಗೋಡೆ ಕೊರೆಸಿ ಸ್ಟೀಲ್ ಹಿಡಿಕೆ ಹಾಕಿಸಿ. ಸಕ್ಷನ್ ಕಪ್ ಹಿಡಿಕೆ ಬೇಡವೇ ಬೇಡ. ಕಮೋಡ್ ಸುತ್ತ ನಿಲ್ಲಿಸುವ ಫ್ರೇಮ್ ಕೆಲವರಿಗೆ ಸರಿಹೋಗುತ್ತದೆ. ಹನುಮಂತನಗರದ ನಮ್ಮ ಮನೆಯಲ್ಲಿ ಅಮ್ಮನಿಗೋಸ್ಕರ ಮೂರನ್ನೂ ತಂದು ಬಳಸಿದ ಮೇಲೆ ಹೇಳುತ್ತಿರುವ ಮಾತು ಇದು.

ಅಮ್ಮನಿಗೆ 74. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ, ಮೈನಸ್ 2.9 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಸ್ಥಿತಿ. ವಾರಕ್ಕೊಂದು ಮಾತ್ರೆ, ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಶುರುವಾಯಿತು. ವಾರದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಏನೂ ತಿನ್ನುವ ಹಾಗಿಲ್ಲ, ಕಾಫಿನೂ ಇಲ್ಲ. ಎದ್ದ ತಕ್ಷಣ ಡಿಕಾಕ್ಷನ್ ವಾಸನೆ ಬೇಕು ಅನ್ನೋ ಅಮ್ಮನಿಗೆ ಭಾನುವಾರದ ಆ ಅರ್ಧ ಗಂಟೆ ದೊಡ್ಡ ಶಿಕ್ಷೆ. ಆದರೂ ತಪ್ಪಿಸುವುದಿಲ್ಲ. ಮಾತ್ರೆಯಿಂದ ಮೂಳೆಗೆ ಬಲ ಬರೋಕೆ ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಬೀಳದ ಹಾಗೆ ನೋಡಿಕೊಳ್ಳಿ ಅಂದ ಡಾಕ್ಟರ್ ಮೊದಲು ಕೇಳಿದ್ದೇ ಬಾತ್‌ರೂಮಿನ ಬಗ್ಗೆ.

ಮೊದಲು ಬಂದದ್ದು ಸಕ್ಷನ್ ಕಪ್ ಹಿಡಿಕೆ. ಆನ್‌ಲೈನ್‌ನಲ್ಲಿ ಸುಮಾರು 700 ರೂಪಾಯಿ. ಎರಡು ತುದಿಯಲ್ಲಿ ರಬ್ಬರ್ ಕಪ್, ಲಿವರ್ ಒತ್ತಿದರೆ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹಾಕಿದ ದಿನ ನಾನೇ ಜೋರಾಗಿ ಎಳೆದು ನೋಡಿದೆ, ಅಲ್ಲಾಡಲಿಲ್ಲ. ಆದರೆ ಈ ಕಪ್‌ಗಳಿಗೆ ಕನ್ನಡಿಯಂಥ ನುಣುಪಾದ ಗೋಡೆ ಬೇಕು. ನಮ್ಮದು ಹಳೇ ಕಾಲದ ಸಣ್ಣ ಟೈಲ್ಸ್. ಕಪ್ಪಿನ ಅಂಚು ಎಲ್ಲಾದರೂ ಒಂದು ಕಡೆ ಸಂದಿನ ಮೇಲೆ ಬಂದೇ ಬರುತ್ತದೆ, ಅಲ್ಲಿಂದ ಗಾಳಿ ಸೇರುತ್ತದೆ. ಜೊತೆಗೆ ಬೆಂಗಳೂರಿನ ಬೋರ್‌ವೆಲ್ ನೀರು. ಕಾವೇರಿ ನೀರು ಬಾರದ ದಿನ ಅದೇ ತಾನೆ ನಮಗೆ ಗತಿ? ಆ ಗಡಸು ನೀರಿನ ಬಿಳಿ ಪೊರೆ ಟೈಲ್ಸ್ ಮೇಲೆ, ಕಪ್ಪಿನ ಅಂಚಿನಲ್ಲಿ ಎಲ್ಲ ಕೂತುಬಿಡುತ್ತದೆ. ಕೈಯಲ್ಲಿ ಸವರಿದರೆ ಸಣ್ಣ ಮರಳಿನ ಹಾಗೆ ತಾಗುತ್ತದೆ.

ಒಂದು ಬೆಳಗ್ಗೆ ಅಮ್ಮ ಸ್ಟೂಲಿನಿಂದ ಏಳುವಾಗ ಹಿಡಿಕೆ ಕೈಯಲ್ಲೇ ಕಿತ್ತು ಬಂತು. ಪುಣ್ಯಕ್ಕೆ ನೆಲಕ್ಕೆ ಬೀಳಲಿಲ್ಲ, ಸ್ಟೂಲಿನ ಮೇಲೇ ಧೊಪ್ಪನೆ ಕೂತಳು. ಮೂಳೆ ಸವೆದವರಲ್ಲಿ ಹಾಗೆ ಜೋರಾಗಿ ಕೂತರೂ ಬೆನ್ನುಮೂಳೆ ಜಜ್ಜಿ ಮುರಿಯಬಹುದು, ಅದಕ್ಕೇ ಎಕ್ಸ್‌ರೇ ತೆಗೆಸಿದೆವು. ಏನೂ ಆಗಿರಲಿಲ್ಲ. ಆ ಹಿಡಿಕೆ ಅವತ್ತೇ ಮನೆಯಿಂದ ಆಚೆ ಹೋಯಿತು. ಅದು ಎಂದೂ ಕಿತ್ತು ಬರದಿದ್ದರೆ ಸರಿ, ಹಾಕಿದ ದಿನವೇ ಕಿತ್ತು ಬಂದರೂ ಪರವಾಗಿಲ್ಲ. ನಂಬಿಕೆ ಬರೋವರೆಗೆ ಗಟ್ಟಿಯಾಗಿದ್ದು, ಮೈಭಾರ ಪೂರ್ತಿ ಬಿಟ್ಟಾಗ ಕೈಕೊಡುತ್ತದಲ್ಲ, ಅದೇ ಅಪಾಯ.

ಗೋಡೆ ಕೊರೆಸುವ ಮುಂಚೆ ಹಿಡಿಕೆ ಎಲ್ಲಿ ಬೇಕು ಅಂತ ನೋಡಿಕೊಳ್ಳಿ. ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕೆ ಮಾಡಿದ ಎಡಿಎ ಕಾನೂನಿನ ನಿಯಮದ ಪ್ರಕಾರ ನೆಲದಿಂದ 33ರಿಂದ 36 ಇಂಚು ಎತ್ತರ, 250 ಪೌಂಡ್, ಅಂದರೆ ಸುಮಾರು 113 ಕೆಜಿ ಭಾರ ತಡೆಯಬೇಕು. ಭಾರದ ಲೆಕ್ಕ ಒಪ್ಪೋಣ. ಆದರೆ ಆ ಎತ್ತರ ಕಮೋಡ್ ಪಕ್ಕಕ್ಕೆ, ಶವರ್ ಕೆಳಗೆ ನಿಂತು ಸ್ನಾನ ಮಾಡುವವರಿಗೆ ಸರಿ. ನಮ್ಮಮ್ಮ ತಗ್ಗಿನ ಸ್ಟೂಲ್ ಮೇಲೆ ಕೂತು ಬಕೆಟ್‌ನಿಂದ ಚೊಂಬಿನಲ್ಲಿ ಹುಯ್ದುಕೊಳ್ಳುವವಳು. ಅವಳಿಗೆ ಕಷ್ಟ ಏಳುವಾಗ. ಎರಡು ದಿನ ಸುಮ್ನೆ ಗಮನಿಸಿದಾಗ ಗೊತ್ತಾಯಿತು, ಬಲಗೈಯನ್ನು ನೀರಿನ ನಲ್ಲಿಯ ಮೇಲೆ ಇಟ್ಟು, ಎಡಗೈಯಲ್ಲಿ ಟವೆಲ್ ರಾಡ್ ಹಿಡಿದು ಏಳುತ್ತಿದ್ದಳು. ಟವೆಲ್ ರಾಡ್ ಇರೋದು ಟವೆಲ್‌ಗೆ ಮಾತ್ರ, ಮೈಭಾರ ತಡೆಯೋಕೆ ಅಲ್ಲ. ಹಾಗಾಗಿ ಒಂದು ಹಿಡಿಕೆಯನ್ನು ಓರೆಯಾಗಿ ಹಾಕಿಸಿದೆವು. ಕೆಳತುದಿ ಸ್ಟೂಲಿನಲ್ಲಿ ಕೂತಾಗ ಕೈಗೆ ಸಿಗಬೇಕು, ಮೇಲುತುದಿ ನಿಂತಾಗ ಸಿಗಬೇಕು. ಇನ್ನೊಂದು ಕಮೋಡ್ ಪಕ್ಕ.

ಹಿಡಿಕೆಗಳನ್ನು ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ತಂದೆವು, ಒಂದಕ್ಕೆ ಸುಮಾರು 1,100 ರೂಪಾಯಿ. 304 ಗ್ರೇಡ್ ಸ್ಟೀಲೇ ಕೇಳಿ. 202 ಗ್ರೇಡ್‌ನದು ಅಗ್ಗ, ಆದರೆ ಸದಾ ಒದ್ದೆ ಇರುವ ಜಾಗದಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಇನ್ನು ತಲೆಬಿಸಿ ಕೊಟ್ಟ ವಿಷಯ, ಗೋಡೆ. ಪ್ಲಂಬರ್ ಬಂದ. "ಟೈಲ್ಸ್ ಬಿರುಕು ಬಿಟ್ರೆ ನನ್ನ ಕೇಳ್ಬೇಡಿ ಮೇಡಂ" ಅಂತ ಮೊದಲೇ ಷರತ್ತು. ಬಿರುಕು ಬಿಡದ ಹಾಗೆ ಮಾಡೋಕೆ ದಾರಿ ಇದೆ. ಗುರುತು ಹಾಕಿದ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಬೇಕು, ಆಗ ಡ್ರಿಲ್ಲಿನ ಬಿಟ್ ಜಾರುವುದಿಲ್ಲ. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯುವ ಸ್ವಿಚ್, ಆಫ್ ಇರಬೇಕು. ಗೀಸರ್ ಪೈಪು ಎಲ್ಲಿ ಹೋಗಿದೆ ಅಂತಲೂ ನೋಡಬೇಕು. ಸಾಮಾನ್ಯವಾಗಿ ಬಿಸಿನೀರು-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯಿಂದ ನೇರ ಮೇಲಕ್ಕೆ ಗೀಸರ್ ಕಡೆ ಹೋಗಿರುತ್ತದೆ, ಆ ಸಾಲಿನಲ್ಲಿ ಕೊರೆಯಬಾರದು.

ಇಷ್ಟೆಲ್ಲ ಸರಿಯಾಗೇ ನಡೆಯಿತು. ಕಮೋಡ್ ಪಕ್ಕದ್ದು ಇಟ್ಟಿಗೆ ಗೋಡೆ, ಸ್ಕ್ರೂ ಕಚ್ಚಿಕೊಂಡು ಕೂತಿತು. ಸ್ನಾನದ ಕಡೆಯದು ಆಮೇಲೆ ಕಟ್ಟಿದ ಅಡ್ಡಗೋಡೆ. ಅಲ್ಲಿ ಟೈಲ್ಸ್ ದಾಟಿ ಸಿಮೆಂಟ್ ದಾಟುತ್ತಿದ್ದಂತೆ ಡ್ರಿಲ್ ಧಡಕ್ ಅಂತ ಒಳಗೆ ನುಗ್ಗಿತು. ಹಾಲೋ ಬ್ಲಾಕ್, ಒಳಗೆಲ್ಲ ಟೊಳ್ಳು. ಸ್ಕ್ರೂ ಕಚ್ಚಿಕೊಳ್ಳೋಕೆ ತೂತಿಗೆ ತುರುಕುವ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಪ್ಲಗ್ಗೂ ಜೊತೆಗೇ ತಿರುಗುತ್ತಿತ್ತು. "ಬೆಂಕಿಕಡ್ಡಿ ತುರುಕಿ ವೈಟ್ ಸಿಮೆಂಟ್ ತುಂಬ್ತೀನಿ, ಟೈಟ್ ಆಗುತ್ತೆ" ಅಂದ. ಕ್ಯಾಲೆಂಡರ್ ನೇತುಹಾಕೋಕೆ ಅದು ಸಾಕು. ಅಮ್ಮನ ಭಾರಕ್ಕೆ ಸಾಲದು ಅಂತ ಕೆಲಸ ನಿಲ್ಲಿಸಿಬಿಟ್ಟೆ.

ಕೊನೆಗೆ ಕೈಹಿಡಿದದ್ದು ಕೆಮಿಕಲ್ ಆಂಕರ್. ಬೋಲ್ಟ್ ಮಾರುವ ಅಂಗಡಿಗಳಲ್ಲಿ ಈ ಹೆಸರು ಹೇಳಿದರೆ ಕೊಡುತ್ತಾರೆ. ಮೊದಲು ತೂತಿಗೆ ಜಾಲರಿಯಂಥ ಕೊಳವೆ ಕೂರಿಸಿ, ಅದರೊಳಗೆ ಟ್ಯೂಬಿನಿಂದ ಅಂಟು ತುಂಬಿ, ಬೋಲ್ಟ್ ಇಳಿಸಬೇಕು. ಅಂಟು ಜಾಲರಿಯಿಂದ ಆಚೆ ಉಕ್ಕಿ, ಬ್ಲಾಕಿನ ಟೊಳ್ಳಿನೊಳಗೆ ಗಂಟಾಗಿ ಗಟ್ಟಿಯಾಗುತ್ತದೆ. ಎಳೆದರೆ ಆ ಗಂಟು ಹಿಂದಿನಿಂದ ತಡೆಯುತ್ತದೆ. ಜಾಲರಿ ಇಲ್ಲದೆ ತುಂಬಿದರೆ ಅಂಟೆಲ್ಲ ಟೊಳ್ಳಿನೊಳಗೆ ಬಿದ್ದು ದಂಡ. ಟ್ಯೂಬು, ಜಾಲರಿ, ಬೋಲ್ಟು ಎಲ್ಲ ಸೇರಿ 1,300 ರೂಪಾಯಿ ಆಯಿತು. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಲೇಬೇಕು. ನಾವು ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ 82 ಕೆಜಿಯ ನನ್ನ ತಮ್ಮ ಹಿಡಿಕೆಗೆ ಜೋತುಬಿದ್ದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಆಮೇಲೆ ಬುಡಕ್ಕೆ ಸಿಲಿಕಾನ್ ಹಚ್ಚಿಸಿದೆವು, ಇಲ್ಲದಿದ್ದರೆ ತೂತಿನಿಂದ ಗೋಡೆಗೆ ನೀರು ಇಳಿಯುತ್ತದೆ.

ಈಗ ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು. ಬಾತ್‌ರೂಮಿನ ಗೋಡೆಗಾದರೂ ಸಾಲಿಡ್ ಬ್ಲಾಕ್ ಹಾಕಿಸಿ. ಟೈಲ್ಸ್ ಮೆತ್ತುವ ಮುಂಚೆ ಪೈಪ್ ಸಾಲಿನ ಫೋಟೋ ತೆಗೆದಿಟ್ಟುಕೊಳ್ಳಿ.

ಫ್ರೇಮ್ ತಂದದ್ದು ಗೋಡೆ ಕೆಲಸ ಅರ್ಧಕ್ಕೆ ನಿಂತಿದ್ದಾಗ, 2,600 ರೂಪಾಯಿಗೆ. ಕಮೋಡ್ ಎರಡೂ ಪಕ್ಕ ಕೈ ಊರೋಕೆ ಸಿಗುತ್ತದೆ, ಎತ್ತರ ಹೊಂದಿಸಬಹುದು, ಡ್ರಿಲ್ ಬೇಡ. ಎರಡು ಕೈ ಸಮವಾಗಿ ಊರಿದರೆ ಗಟ್ಟಿ. ಒಂದೇ ಕೈ ಊರಿದರೆ ಫ್ರೇಮಿನ ಆಚೆ ಕಾಲು ಮೇಲೇಳುತ್ತದೆ. ಅಮ್ಮನ ಎಡ ಭುಜ ನೋವು, ಕಮೋಡಿನಿಂದ ಏಳುವಾಗ ಬಲಗೈಯೇ ಊರುವುದು. ನಮ್ಮ ಇಕ್ಕಟ್ಟಾದ ಬಾತ್‌ರೂಮಿನಲ್ಲಿ ಅದರ ಕಾಲೇ ಎಡವೋಕೆ ಇನ್ನೊಂದು ಕಾರಣ ಆಯಿತು. ಸ್ನಾನಕ್ಕಂತೂ ಉಪಯೋಗವೇ ಇಲ್ಲ. ಮಂಡಿ ಆಪರೇಷನ್ ಆದ ಎದುರುಮನೆ ಆಂಟಿಗೆ ಕೊಟ್ಟೆವು, ಅವರಿಗೆ ಚೆನ್ನಾಗಿ ಒದಗಿತು.

ರಬ್ಬರ್ ಮ್ಯಾಟ್ ಬೇಕು, ಆದರೆ ದಿನಾ ಎತ್ತಿ ಒಣಗಿಸಬೇಕು, ಇಲ್ಲದಿದ್ದರೆ ಅಡಿಯಲ್ಲಿ ಸೋಪಿನ ಲೋಳೆ ಕಟ್ಟಿ ಮ್ಯಾಟೇ ಜಾರುತ್ತದೆ. ಅಂಚು ಮಡಚಿಕೊಂಡ ಮ್ಯಾಟ್ ಎಸೆದುಬಿಡಿ. ಎಣ್ಣೆ ಸ್ನಾನ ಆದಮೇಲೆ ನೆಲ ತಿಕ್ಕಿ ತೊಳೆಯದೆ ಯಾರನ್ನೂ ಒಳಗೆ ಬಿಡಬೇಡಿ. ರಾತ್ರಿ ದೀಪ ಇರಲಿ. ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಬಿಪಿ ಅಥವಾ ನಿದ್ದೆ ಮಾತ್ರೆ ತಗೊಳ್ಳುವವರಿಗೆ ಎದ್ದಾಗ ತಲೆ ತಿರುಗಬಹುದು, ಡಾಕ್ಟರಿಗೆ ಹೇಳಿ. ಬಿದ್ದರೆ ಪೆಟ್ಟು ತಗ್ಗಿಸೋಕೆ ಸೊಂಟದ ಪ್ಯಾಡ್ ಇರುವ ಒಳಉಡುಪೂ ಸಿಗುತ್ತದೆ, ನಮ್ಮಮ್ಮ ಸೆಕೆ ಅಂತ ಹಾಕಿಕೊಳ್ಳಲಿಲ್ಲ.

ಎರಡು ಹಿಡಿಕೆ, ಆಂಕರ್, ಕೂಲಿ ಸೇರಿ ನಮಗೆ ಸುಮಾರು 5,000 ರೂಪಾಯಿ ಆಯಿತು. ಸ್ವಂತ ಮನೆಯವರು ಹಿಂದೆಮುಂದೆ ನೋಡಬೇಡಿ. ಬಾಡಿಗೆ ಮನೆಯವರು ಮೊದಲು ಓನರ್‌ನ ಕೇಳಿ, ಖಾಲಿ ಮಾಡುವಾಗ ಟೈಲ್ಸ್ ಸರಿ ಮಾಡಿಸಿಕೊಡ್ತೀವಿ ಅಂದರೆ ಬಹಳಷ್ಟು ಜನ ಒಪ್ಪುತ್ತಾರೆ. ಒಪ್ಪಲೇ ಇಲ್ಲ ಅಂದರೆ ಕಮೋಡಿಗೆ ಫ್ರೇಮ್ ತನ್ನಿ. ಸ್ನಾನಕ್ಕೆ ತಗ್ಗಿನ ಸ್ಟೂಲ್ ಬಿಟ್ಟು, ಎರಡೂ ಕಡೆ ಕೈ ಇರುವ, ಕಾಲಿಗೆ ರಬ್ಬರ್ ಬುಷ್ ಇರುವ ಎತ್ತರದ ಕುರ್ಚಿ ಹಾಕಿ, ಬಕೆಟ್ಟನ್ನೂ ಇನ್ನೊಂದು ಸ್ಟೂಲಿನ ಮೇಲಿಡಿ.