ಸ್ನೋಶೂ ನಡಿಗೆಗೆ ಪ್ಯಾರಡೈಸೋ, ಕ್ರೇಟರ್ ಲೇಕೋ?

ಸಿಯಾಟಲ್‌ನಿಂದ ರೇನಿಯರ್ ಬೆಟ್ಟದ ಪ್ಯಾರಡೈಸ್‌ಗೆ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. ಒರೆಗಾನ್‌ನ ಕ್ರೇಟರ್ ಲೇಕ್ ರಾಷ್ಟ್ರೀಯ ಉದ್ಯಾನಕ್ಕೆ ಸುಮಾರು ಏಳು ಗಂಟೆ ಬೇಕು, ರಾತ್ರಿ ಎಲ್ಲಾದರೂ ಉಳಿಯಲೇಬೇಕು. ಎರಡೂ ಕಡೆ ರೇಂಜರ್ (ಉದ್ಯಾನದ ಸಿಬ್ಬಂದಿ) ಜೊತೆ ಎರಡು ಗಂಟೆಯ ನಡಿಗೆ, ಸ್ನೋಶೂ, ಅಂದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟುವ ಅಗಲವಾದ ಚೌಕಟ್ಟು, ಅವರೇ ಕೊಡುತ್ತಾರೆ.

5,400 ಅಡಿ ಎತ್ತರದ ಪ್ಯಾರಡೈಸ್‌ನಲ್ಲಿ ವಾರಾಂತ್ಯದ ಜನ ಜಾಸ್ತಿ. ಕಾರಿನಲ್ಲಿ ಟೈರ್ ಚೈನ್ (ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಸುತ್ತುವ ಸರಪಳಿ) ಇರಲೇಬೇಕು. ಮೋಡ ಕವಿದರೆ ಬೆಟ್ಟ ಕಾಣುವುದೇ ಇಲ್ಲ!

ಕ್ರೇಟರ್ ಲೇಕ್‌ನಲ್ಲಿ ನಡೆಯುವುದು ಸುಮಾರು ಒಂದೇ ಮೈಲಿ. ಆದರೆ ಆ ಮೌನ! ಹೆಮ್ಲಾಕ್ ಮರದ ಕೊಂಬೆಯಿಂದ ಹಿಮ ಜಾರಿ ದೊಪ್ಪನೆ ಬೀಳುತ್ತದೆ, ಮತ್ತೆ ಸದ್ದಿಲ್ಲ. ಮಧ್ಯೆ ರೇಂಜರ್ ಎಲ್ಲರನ್ನೂ ಸುಮ್ನೆ ನಿಲ್ಲಿಸಿದರೆ ನಿಮ್ಮ ಉಸಿರೇ ಕೇಳುತ್ತದೆ. ಕಾಡಿಗಾಗಿಯೇ ಹೋಗುವವರು ಇದನ್ನೇ ಆರಿಸಿ. ಮೊದಲೇ ಬುಕ್ ಮಾಡಿ. ಮಕ್ಕಳಿಗೆ 8 ವರ್ಷ ತುಂಬಿರಬೇಕು. ಹತ್ತಿಯ ಸಾಕ್ಸ್ ಮಾತ್ರ ಬೇಡ, ಒದ್ದೆಯಾದರೆ ಕಾಲು ಮರಗಟ್ಟುತ್ತದೆ.