ರೋಮಿನಲ್ಲಿ ಜೆಲಾಟೋ: ಗ್ರಾಕ್ಕಿಯೋ, ಜಿಯೋಲಿತ್ತಿಯೋ, ಫಾಸ್ಸಿಯೋ?

ರೋಮಿಗೆ ಹೊರಟವರು ಕೊಲೋಸಿಯಂ ಟಿಕೆಟ್ ಬಗ್ಗೆ ಒಂದು ಸಲ ಕೇಳಿದರೆ, ಇಟಲಿಯ ಐಸ್‌ಕ್ರೀಮಾದ ಜೆಲಾಟೋ ಬಗ್ಗೆ ಎರಡು ಸಲ ಕೇಳುತ್ತಾರೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪಿಸ್ತಾ ಬೇಕಾ, ಪ್ರಾತಿ ಬಡಾವಣೆಯ 'ಜೆಲಾತೆರಿಯಾ ದೇಯ್ ಗ್ರಾಕ್ಕಿ'. ಹಳೇ ಕಾಲದ ವೈಭವ ಬೇಕಾ, ಪಾಂಥಿಯನ್ ಹತ್ತಿರದ 'ಜಿಯೋಲಿತ್ತಿ'. ಕೂತು ನಿಧಾನಕ್ಕೆ ತಿನ್ನಬೇಕಾ, ಎಸ್ಕ್ವಿಲಿನೋದ 'ಫಾಸ್ಸಿ'. ನಾಲಿಗೆಗೆ ಹೊಸದೇನಾದರೂ ಬೇಕಾ, ಮೊಂತಿಯ 'ಫಾತಾಮೊರ್ಗಾನಾ'. ಒಂದೇ ಹೆಸರು ಹೇಳು ಅಂತ ಪಟ್ಟು ಹಿಡಿದರೆ ಗ್ರಾಕ್ಕಿ. ನಮ್ಮ ಭಾವ ಇದನ್ನು ಒಪ್ಪುವುದಿಲ್ಲ. ಆ ಜಗಳ ಆಮೇಲೆ.

ಅಕ್ಕ ಮತ್ತು ಭಾವ ರೋಮಿನಲ್ಲೇ ಇರುವುದರಿಂದ ನನಗೆ ಈ ಅಂಗಡಿಗಳಿಗೆ ಮತ್ತೆ ಮತ್ತೆ ಹೋಗುವ ಅವಕಾಶ ಸಿಕ್ಕಿತು. ಬೇಸಿಗೆಯಲ್ಲೂ ಹೋಗಿದ್ದೇನೆ, ಕೋಟು ಹಾಕಿಕೊಂಡು ಜನವರಿಯಲ್ಲೂ ಹೋಗಿದ್ದೇನೆ. ಎಲ್ಲ ಕಡೆ ಒಂದೇ ಅಳತೆಗೋಲು ಇಟ್ಟುಕೊಂಡೆ: ಚಿಕ್ಕ ಕಪ್, ಅದರಲ್ಲಿ ಪಿಸ್ತಾ ಮತ್ತು ನಿಂಬೆ. ಕೋನ್ ಬೇಡ, ಅದರ ಸಿಹಿ ನಡುವೆ ಬಾಯಿ ಹಾಕುತ್ತದೆ. ಎರಡು ಅಂಗಡಿಗಳ ನಡುವೆ ಬೀದಿಯ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುವುದು. ರೋಮಿನ ಬೀದಿಗಳಲ್ಲಿ ಹಗಲೂ ರಾತ್ರಿ ತಣ್ಣೀರು ಸುರಿಸುವ ಕಬ್ಬಿಣದ ನಲ್ಲಿಗಳು ಎರಡು ಸಾವಿರಕ್ಕೂ ಜಾಸ್ತಿ ಇವೆ. ನಾಸೋನಿ ಅಂತಾರೆ. ಕುಡಿಯುವ ನೀರು, ಬಿಟ್ಟಿ. ಬಾಟಲಿ ನೀರಿಗೆ ದುಡ್ಡು ಸುರಿಯುವ ಪ್ರವಾಸಿಗರನ್ನು ನೋಡಿದರೆ ಪಾಪ ಅನಿಸುತ್ತದೆ.

ಪಿಸ್ತಾ ಮತ್ತು ನಿಂಬೆಯೇ ಯಾಕೆ? ಪಿಸ್ತಾ ದುಬಾರಿ. ಎಟ್ನಾ ಜ್ವಾಲಾಮುಖಿಯ ಬುಡದ ಬ್ರೊಂತೆ ಊರಿನ ಪಿಸ್ತಾಕ್ಕಂತೂ ಬಂಗಾರದ ಬೆಲೆ, ಅಲ್ಲಿ ಎರಡು ವರ್ಷಕ್ಕೊಮ್ಮೆ ಮಾತ್ರ ಕೊಯ್ಲು. ಹಾಗಾಗಿ ಕಾಸು ಉಳಿಸಬೇಕೆಂದವರು ಮೊದಲು ಕೈ ಹಾಕುವುದೇ ಪಿಸ್ತಾಕ್ಕೆ. ಬಾದಾಮಿ ಬೆರೆಸುತ್ತಾರೆ, ಎಸೆನ್ಸ್ ಹಾಕುತ್ತಾರೆ, ಹಸಿರು ಬಣ್ಣ ಕೊಡುತ್ತಾರೆ. ನಿಂಬೆಯ ಕಥೆ ಬೇರೆ. ಅದರಲ್ಲಿ ಹಾಲಿಲ್ಲ, ಕೆನೆಯಿಲ್ಲ, ಬರೀ ನೀರು, ಸಕ್ಕರೆ, ರಸ. ಸಕ್ಕರೆ ಕಡಿಮೆಯಾದರೆ ಹಲ್ಲಿಗೆ ಐಸಿನ ಹರಳು ಸಿಗುತ್ತದೆ, ಜಾಸ್ತಿಯಾದರೆ ಗಟ್ಟಿಯೇ ಆಗುವುದಿಲ್ಲ, ಪಾನಕ ಕುಡಿದ ಹಾಗಾಗುತ್ತದೆ. ಒಂದು ಅಂಗಡಿಯ ಪ್ರಾಮಾಣಿಕತೆಯನ್ನು ಪಿಸ್ತಾ ಹೇಳುತ್ತದೆ, ಕೈಚಳಕವನ್ನು ನಿಂಬೆ ಹೇಳುತ್ತದೆ. ಚಾಕೊಲೇಟ್ ಯಾವತ್ತೂ ಪರೀಕ್ಷೆಗೆ ಸಾಲದು. ಎಂಥ ಅಡ್ಡಾದಿಡ್ಡಿ ಜೆಲಾಟೋವನ್ನೂ ಅದು ಕಾಪಾಡಿಬಿಡುತ್ತದೆ.

ಈಗ ಗ್ರಾಕ್ಕಿ. ಹೆಸರು ಬಂದಿದ್ದು ಅದೇ ಹೆಸರಿನ ಬೀದಿಯಿಂದ. ಲೆಪಾಂತೋ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ವ್ಯಾಟಿಕನ್ ಮುಗಿಸಿ ಬರುವವರಿಗೂ ದೂರವಲ್ಲ. ಆದರೆ ಸುತ್ತಮುತ್ತ ನೋಡುವಂಥದ್ದು ಏನೂ ಇಲ್ಲ. ವಕೀಲರ ಆಫೀಸುಗಳು, ಬಟ್ಟೆ ಅಂಗಡಿಗಳು, ಮಧ್ಯಮ ವರ್ಗದ ಮನೆಗಳು. ಅಂಗಡಿಯೂ ಚಿಕ್ಕದು, ಕೂರಲು ಜಾಗ ಹುಡುಕಬೇಡಿ. ಪಿಸ್ತಾ ಕಣ್ಣಿಗೆ ಮಂಕು, ಹಸಿರಿಗಿಂತ ಕಂದು ಜಾಸ್ತಿ. ಬಾಯಿಗಿಟ್ಟ ತಕ್ಷಣ ಸಿಹಿ ಬರುವುದಿಲ್ಲ, ಹುರಿದ ಕಾಯಿಯ ಎಣ್ಣೆ ಮೊದಲು ಬರುತ್ತದೆ, ಹಿಂದೆಯೇ ಚೂರು ಉಪ್ಪು. ತಿಂದು ಎಷ್ಟೋ ಹೊತ್ತಿನ ಮೇಲೂ ಬಾಯಲ್ಲಿ ಪಿಸ್ತಾ ಇರುತ್ತದೆ, ಸಕ್ಕರೆ ಇರುವುದಿಲ್ಲ. ಇಷ್ಟು ಸಾಕು ನನಗೆ. ಇಲ್ಲಿ ಹಣ್ಣಿನ ಜೆಲಾಟೋ ಋತು ನೋಡಿಕೊಂಡು ಬರುತ್ತವೆ. ಬೇಸಿಗೆಯ ಪೀಚ್, ಚಳಿಗಾಲದ ಪೇರ್, ಎರಡೂ ಹಣ್ಣನ್ನೇ ಕಚ್ಚಿದ ಹಾಗೆ. ನಿಂಬೆ ಹುಳಿ ಜೋರು. ನನಗೆ ಅದು ಇಷ್ಟ, ಅಕ್ಕನಿಗೆ ಹಲ್ಲು ಜುಮ್ ಅನ್ನುತ್ತದೆ.

ಜಿಯೋಲಿತ್ತಿಯದು ಪೂರ್ತಿ ಇನ್ನೊಂದು ಲೋಕ. 1900ರ ಸುಮಾರಿನ ಹೆಸರು, ಸಂಸತ್ ಭವನದ ಪಕ್ಕದ ಈಗಿನ ಬೀದಿಗೆ ಬಂದದ್ದು 1930ರಲ್ಲಿ. ಮೊದಲು ಹಾಲಿನ ವ್ಯಾಪಾರ ಮಾಡುತ್ತಿದ್ದ ಕುಟುಂಬ ಅವರದು. ಒಳಗೆ ಹೊಳೆಯುವ ದೀಪಗಳು, ಬಿಳಿ ಕೋಟಿನ ಕೆಲಸಗಾರರು, ಗಾಜಿನ ಹಿಂದೆ ಉದ್ದಕ್ಕೂ ಬಣ್ಣಗಳು. ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೋಬೇಕು, ಆಮೇಲೆ ಕೌಂಟರಿನ ಗುಂಪಿನಲ್ಲಿ ನುಗ್ಗಿ ಆ ಚೀಟಿ ಚಾಚಬೇಕು. ನಮ್ಮ ದರ್ಶಿನಿಗಳಲ್ಲಿ ಟೋಕನ್ ಹಿಡಿದು ನಿಂತು ಅಭ್ಯಾಸ ಇರುವವರಿಗೆ ಇದೇನು ಕಷ್ಟವಲ್ಲ. ಸರದಿ ಸಾಲು ಕಟ್ಟಿ ಕಾಯುವ ಬೇರೆ ದೇಶದವರು ಇಲ್ಲಿ ಹಿಂದೆಯೇ ಉಳಿದುಬಿಡುತ್ತಾರೆ. ಟೇಬಲ್ಲಿನಲ್ಲಿ ಕೂತರೆ ಬೆಲೆ ಬೇರೆ, ಇಟಲಿಯಲ್ಲಿ ಬಹಳ ಕಡೆ ಹಾಗೇ.

ರುಚಿಯ ಮಾತಿಗೆ ಬಂದರೆ, ಪಿಸ್ತಾ ಗ್ರಾಕ್ಕಿಯದಕ್ಕಿಂತ ಸಿಹಿ ಮುಂದು, ಕಾಯಿ ಹಿಂದು. ಇದು ಕೆಟ್ಟದ್ದಲ್ಲ, ಇನ್ನೊಂದು ಕಾಲದ ರುಚಿ. ನಿಂಬೆ ಮಾತ್ರ ಬಹಳ ನಯ. ನಿಜವಾಗಿ ಜಿಯೋಲಿತ್ತಿಗೆ ಹೋಗಬೇಕಾದದ್ದು ಪಾನ್ನಾಕ್ಕೆ. ಕಪ್ ತುಂಬಿದ ಮೇಲೆ 'ಪಾನ್ನಾ?' ಅಂತ ಕೇಳುತ್ತಾರೆ. ಕಡೆದು ಉಬ್ಬಿಸಿದ ಕೆನೆ ಅದು. ರೋಮಿನ ಹಳೇ ಅಂಗಡಿಗಳಲ್ಲಿ ಹೆಚ್ಚಾಗಿ ಇದಕ್ಕೆ ಬೇರೆ ದುಡ್ಡಿಲ್ಲ. ತಲೆಯಾಡಿಸಿಬಿಡಿ. ಇಲ್ಲಿನ ಪಾನ್ನಾ ಸಪ್ಪೆ ಅನ್ನುವಷ್ಟು ಕಡಿಮೆ ಸಿಹಿ. ಜೆಲಾಟೋದ ಸಿಹಿಯನ್ನು ಅದು ಸರಿದೂಗಿಸುತ್ತದೆ. ಪಾನ್ನಾ ಇಲ್ಲದೆ ಜಿಯೋಲಿತ್ತಿ ಅರ್ಧ ಮಾತ್ರ.

ಇಲ್ಲಿಂದ ಕಪ್ ಹಿಡಿದು ಎಲ್ಲಿಗಾದರೂ ಹೋಗಿ, ಸ್ಪ್ಯಾನಿಷ್ ಮೆಟ್ಟಿಲಿಗೆ ಮಾತ್ರ ಬೇಡ. 2019ರಿಂದ ಅಲ್ಲಿ ಕೂತರೆ ದಂಡ, 250 ಯೂರೋ. ಅಷ್ಟಕ್ಕೆ ಒಂದು ಬೇಸಿಗೆಯ ಜೆಲಾಟೋ ಬರುತ್ತದೆ.

ಫಾಸ್ಸಿ ವಿಷಯಕ್ಕೆ ಬಂದರೆ ಭಾವನ ಮುಖ ಅರಳುತ್ತದೆ. ವಿತ್ತೋರಿಯೋ ಎಮಾನುಯೆಲೆ ಚೌಕದ ಬಳಿ, ಅವರ ಮನೆಗೆ ಹತ್ತಿರ. 1880ರಲ್ಲಿ ಶುರುವಾದ ವ್ಯಾಪಾರ, ಈಗಿರುವ 'ಪಲಾತ್ಸೋ ದೆಲ್ ಫ್ರೆದ್ದೋ' ಕಟ್ಟಡಕ್ಕೆ ಬಂದದ್ದು 1928ರಲ್ಲಿ. ಎತ್ತರದ ಚಾವಣಿ, ದೊಡ್ಡ ಹಾಲು, ಮೂಲೆಯಲ್ಲಿ ಹಳೇ ಜೆಲಾಟೋ ಯಂತ್ರಗಳು. ಅಜ್ಜಂದಿರು ಪೇಪರ್ ಓದುತ್ತಾ ಕೂತಿರುತ್ತಾರೆ, ಮಕ್ಕಳು ಓಡಾಡುತ್ತಿರುತ್ತಾರೆ, ಯಾರೂ ಎದ್ದೇಳಿ ಅನ್ನುವುದಿಲ್ಲ. ಈ ಸುತ್ತಿನಲ್ಲೇ ಎಸ್ಕ್ವಿಲಿನೋ ಮಾರುಕಟ್ಟೆ ಇದೆ. ಕೊತ್ತಂಬರಿ ಸೊಪ್ಪು, ಹಸಿಮೆಣಸು, ಬೇಳೆ ಬೇಕೆಂದರೆ ರೋಮಿನಲ್ಲಿರುವ ನಮ್ಮವರು ಬರುವುದು ಇಲ್ಲಿಗೇ. ಶನಿವಾರ ಚೀಲ ತುಂಬಿಕೊಂಡು ಫಾಸ್ಸಿಯಲ್ಲಿ ಕೂರುವುದು ಅಕ್ಕನ ಮನೆಯ ಪದ್ಧತಿ.

ಇಲ್ಲಿ ನನ್ನ ಅಳತೆಗೋಲು ಸ್ವಲ್ಪ ಸೋತಿತು ಅನ್ನಿ. ಪಿಸ್ತಾ ಸಾಧಾರಣ, ನಿಂಬೆ ಚೆನ್ನಾಗಿದೆ. ಆದರೆ ಫಾಸ್ಸಿಯ ಹೆಸರಿರುವುದು 'ರೀಸೋ'ಗೆ, ಅಂದರೆ ಅನ್ನದ ಜೆಲಾಟೋಗೆ. ಹಾಲಿನಲ್ಲಿ ಬೆಂದ ಅಕ್ಕಿಯ ಕಾಳು ಇಡಿಯಾಗಿ ನಾಲಿಗೆಗೆ ಸಿಗುತ್ತದೆ. ಏಲಕ್ಕಿ ಹಾಕದ ಅಕ್ಕಿ ಪಾಯಸವನ್ನು ಫ್ರಿಜ್ಜಿನಲ್ಲಿಟ್ಟು ತಿಂದ ಹಾಗೆ. ಹೀಗಂದಾಗ ಮೂಗು ಮುರಿದವರನ್ನೂ ಕಂಡಿದ್ದೇನೆ, ಎರಡನೇ ಕಪ್ ಕೇಳಿದವರನ್ನೂ ಕಂಡಿದ್ದೇನೆ. ಇನ್ನೊಂದು 'ಸಾಂಪಿಯೆತ್ರಿನೋ'. ರೋಮಿನ ಬೀದಿಗೆ ಹಾಸಿದ ಕಪ್ಪು ಕಲ್ಲಿನ ಆಕಾರದ ತುಂಡು, ಹೊರಗೆ ಚಾಕೊಲೇಟಿನ ತೆಳು ಪದರ, ಒಳಗೆ ಮೆತ್ತನೆಯ ಸೆಮಿಫ್ರೆದ್ದೋ, ಅಂದರೆ ಅರೆ ಹೆಪ್ಪುಗಟ್ಟಿದ ಕೆನೆಯ ಸಿಹಿ. ಪೇಟೆಯ ನಡುಮಧ್ಯಕ್ಕೆ ಹೋಲಿಸಿದರೆ ಬೆಲೆಯೂ ಕೈಗೆಟುಕುವಂಥದ್ದು.

"ಭಾವ, ನೀವು ಜೆಲಾಟೋಗೆ ಮಾರ್ಕು ಕೊಡ್ತಿಲ್ಲ, ಕುರ್ಚಿಗೆ ಕೊಡ್ತಿದ್ದೀರಿ" ಅಂದೆ.

"ನಿಂತ್ಕೊಂಡು, ಕೈ ಮೇಲೆ ಸುರಿಸ್ಕೊಂಡು ತಿನ್ನೋದಕ್ಕೆ ಮಾರ್ಕು ಕೊಡೋದು ನಿಮ್ಮ ವಯಸ್ಸಿನವರು" ಅಂದರು.

ಮಾತಿನಲ್ಲಿ ಹುರುಳಿದೆ. ವಯಸ್ಸಾದ ಅಪ್ಪ ಅಮ್ಮನ ಜೊತೆ ಹೋಗುವವರು ಭಾವನ ಮಾತು ಕೇಳುವುದೇ ಒಳ್ಳೆಯದು.

ಫಾತಾಮೊರ್ಗಾನಾ ಮೊಂತಿಯ ಒಂದು ಪುಟ್ಟ ಚೌಕದಲ್ಲಿದೆ, ಬೇರೆ ಕಡೆಯೂ ಶಾಖೆಗಳಿವೆ. ತುಳಸಿಯ ಸೋದರಿ ಬಾಸಿಲಿಕೋ ಸೊಪ್ಪು, ಅಕ್ರೋಟು, ಜೇನು ಸೇರಿಸಿದ ಜೆಲಾಟೋ ಇಲ್ಲಿನ ಹೆಸರುವಾಸಿ ರುಚಿ. ತಂಬಾಕಿನ ಘಮ ಹಿಡಿಸಿದ ಚಾಕೊಲೇಟೂ ಇದೆ. ಸೊಪ್ಪಿನದನ್ನು ನಾನು ಅನುಮಾನದಿಂದ ಶುರು ಮಾಡಿ ಕಪ್ ತಳ ಕೆರೆದೆ. ತಂಬಾಕಿನದ್ದು ಒಂದು ಚಮಚ ರುಚಿ ನೋಡಲು ಸರಿ, ಇಡೀ ಕಪ್ ಬೇಡ. ಇಲ್ಲಿ ಗೋಧಿಯ ಗ್ಲುಟೆನ್ ಇಲ್ಲವೇ ಇಲ್ಲ, ಕೋನಿನಲ್ಲೂ ಇಲ್ಲ. ಗ್ಲುಟೆನ್ ಆಗದ ಮಕ್ಕಳಿದ್ದರೆ ಬೇರೆ ಯೋಚನೆ ಬೇಡ, ಸೀದಾ ಇಲ್ಲಿಗೇ ಬನ್ನಿ. ಪಿಸ್ತಾದಲ್ಲಿ ಗ್ರಾಕ್ಕಿಗೆ ಹತ್ತಿರ ಬರುವುದು ಇದೊಂದೇ.

ಟ್ರಾಸ್ಟೆವೆರೆಯ 'ಓತಾಲೆಗ್' ಕೂಡ ಇದೇ ಸಾಲಿನದು. ಚೀಸ್ ಹಾಕಿದ ಜೆಲಾಟೋ ಬೇಕೆನ್ನುವವರಿಗೆ ಅದು ಸರಿ. ಟರ್ಮಿನಿ ರೈಲು ನಿಲ್ದಾಣದ ಕಡೆ ಇಳಿದುಕೊಂಡವರಿಗೆ 'ಕೊಮೆ ಇಲ್ ಲಾತ್ತೆ' ಹತ್ತಿರ. ಕೋನಿನ ತಳಕ್ಕೆ ನಲ್ಲಿಯಿಂದ ಬಿಸಿ ಚಾಕೊಲೇಟ್ ಬಿಡುತ್ತಾರೆ, ಮಕ್ಕಳು ಕುಣಿಯುತ್ತಾರೆ. ಪಾಂಥಿಯನ್ ಹಿಂದೆಮುಂದೆ ನೂರೈವತ್ತು ರುಚಿಯ ಅಂಗಡಿಯೂ ಇದೆ. ಅಷ್ಟು ಬಗೆ ನೋಡಿದರೆ ನನಗೆ ಆರಿಸಲಿಕ್ಕೇ ಬರುವುದಿಲ್ಲ, ಸುಮ್ನೆ ನೋಡಿಕೊಂಡು ಬಂದೆ.

ಇನ್ನು ಮೋಸದ ಜೆಲಾಟೋ. ತ್ರೇವಿ ಕಾರಂಜಿಯ ಸುತ್ತಿನ ಒಂದು ಅಂಗಡಿಯಲ್ಲಿ ಪಿಸ್ತಾ ಅಂತ ಕೊಟ್ಟದ್ದು ಗಿಣಿಹಸಿರು, ವಾಸನೆ ಬಾದಾಮಿ ಎಸೆನ್ಸಿನದು, ಬೆಲೆ ಗ್ರಾಕ್ಕಿಗಿಂತ ಜಾಸ್ತಿ. ಇಂಥದ್ದನ್ನು ದುಡ್ಡು ಕೊಡುವ ಮೊದಲೇ ಗುರುತಿಸಬಹುದು. ತಟ್ಟೆಯ ಅಂಚು ಮೀರಿ ಗುಡ್ಡದ ಹಾಗೆ ಪೇರಿಸಿದ್ದರೆ ದಾಟಿ ಮುಂದೆ ಹೋಗಿ. ಒಳ್ಳೆ ಜೆಲಾಟೋದಲ್ಲಿ ಗಾಳಿ ಕಡಿಮೆ. ಅದನ್ನು ಬಡಿಸುವುದು ಸೊನ್ನೆಗಿಂತ 12ರಿಂದ 14 ಡಿಗ್ರಿ ಕೆಳಗೆ, ನಮ್ಮ ಐಸ್‌ಕ್ರೀಮಿನಷ್ಟು ಕೊರೆಯುವ ತಣ್ಣಗಲ್ಲ. ತಂಪಿನ ಮಟ್ಟದಿಂದ ಮೇಲೆದ್ದ ಗುಡ್ಡ ಕರಗದೆ ನಿಂತಿದೆ ಅಂದರೆ ಅದರೊಳಗೆ ಬೇರೇನೋ ಇದೆ ಅಂತಲೇ. ಬಾಳೆಹಣ್ಣಿನದು ಹಳದಿಯಾಗಿದ್ದರೆ ಅನುಮಾನ ಪಡಿ, ಸುಲಿದ ಬಾಳೆಹಣ್ಣು ಬೂದು ತಿರುಗುತ್ತದೆ, ಅಲ್ವಾ? ಪುದೀನ ಕಡು ಹಸಿರಿದ್ದರೂ ಅಷ್ಟೇ. ಲೋಹದ ಮುಚ್ಚಳದ ಕೆಳಗೆ ಇಟ್ಟಿದ್ದರೆ ಒಳ್ಳೆ ಲಕ್ಷಣ. ಬಣ್ಣ ತೋರಿಸಿ ಕರೆಯುವ ಆಸೆ ಅವರಿಗಿಲ್ಲ ಅಂತ ಅರ್ಥ.

ನಮ್ಮ ಕಡೆಯಿಂದ ಹೋಗುವವರಲ್ಲಿ ಮೊಟ್ಟೆ ತಿನ್ನದವರು ಬಹಳ. ಅವರಿಗಾಗಿ ಒಂದಿಷ್ಟು. ಹಣ್ಣಿನ ಸೊರ್ಬೆತ್ತೋದಲ್ಲಿ ಸಾಮಾನ್ಯವಾಗಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. 'ಫಿಯೋರ್ ದಿ ಲಾತ್ತೆ' ಹೆಚ್ಚಾಗಿ ಬರೀ ಹಾಲು, ಕೆನೆ, ಸಕ್ಕರೆ. 'ಕ್ರೆಮಾ' ಅಂದರೆ ಮೊಟ್ಟೆಯ ಹಳದಿ ಇದ್ದೇ ಇರುತ್ತದೆ, ವೆನಿಲಾ ಅಂದುಕೊಂಡು ತಗೊಂಡುಬಿಡಬೇಡಿ. 'ಜಬಾಯೋನೆ'ಯಲ್ಲಿ ಮೊಟ್ಟೆಯ ಜೊತೆ ವೈನೂ ಇದೆ, 'ಮಾಲಗಾ'ದ ದ್ರಾಕ್ಷಿ ರಮ್ಮಿನಲ್ಲಿ ನೆನೆದದ್ದು. ಪಿಸ್ತಾ, ಚಾಕೊಲೇಟುಗಳ ವಿಷಯ ಅಂಗಡಿಯಿಂದ ಅಂಗಡಿಗೆ ಬೇರೆ. ಭಾಷೆ ಬರದಿದ್ದರೆ 'ಅಲ್ಲೆರ್ಜೆನಿ' ಅಂತ ಕೇಳಿ, ಪಟ್ಟಿ ತೋರಿಸುತ್ತಾರೆ. ಬಿಡಿ ತಿನಿಸಿಗೂ ಅಲರ್ಜಿ ವಿವರ ಕೊಡಲೇಬೇಕು ಅನ್ನುವ ಯುರೋಪಿನ ನಿಯಮ 2014ರಿಂದ ಇದೆ, ಮೊಟ್ಟೆಯೂ ಆ ಪಟ್ಟಿಯಲ್ಲಿ ಬರುತ್ತದೆ. ಚಮಚ ಬೇರೆ ಕೊಡಿ ಅಂತ ಕೇಳಿದರೂ ಯಾರೂ ಬೇಜಾರು ಮಾಡಿಕೊಂಡದ್ದು ನಾನು ಕಾಣೆ.

ಒಂದೇ ದಿನ ಇದೆ, ಗ್ರಾಕ್ಕಿ ದೊಡ್ಡದೋ ಫಾಸ್ಸಿ ದೊಡ್ಡದೋ ನೀವೇ ನೋಡಬೇಕು ಅಂತಿದ್ದರೆ ಅದೂ ಸುಲಭ. ಎರಡೂ ಮೆಟ್ರೋದ ಎ ಲೈನಿನಲ್ಲೇ ಇವೆ. ವ್ಯಾಟಿಕನ್ ಮುಗಿಸಿ ಗ್ರಾಕ್ಕಿಯಲ್ಲಿ ಪಿಸ್ತಾ ತಿನ್ನಿ, ಲೆಪಾಂತೋದಲ್ಲಿ ರೈಲು ಹತ್ತಿ, ಆರನೇ ನಿಲ್ದಾಣ ವಿತ್ತೋರಿಯೋ ಎಮಾನುಯೆಲೆಯಲ್ಲಿ ಇಳಿದು ಫಾಸ್ಸಿಯಲ್ಲಿ ರೀಸೋ ಹೇಳಿ. ಟರ್ಮಿನಿಯಲ್ಲಿ ಜನ ನುಗ್ಗುತ್ತಾರೆ, ಪರ್ಸ್ ಜೋಪಾನ.