ಮಲ್ಲಿಗೆ ಥೀಮಿನ ಮದುವೆ ಕೇಕ್‌ಗೆ ರೆಡಿಮೇಡ್ ಫಾಂಡೆಂಟ್: ಹೊದಿಕೆಗೆ ಸೈ, ಹೂವಿಗೆ ಸಾಲದು
ಕರಾವಳಿಯ ಸೆಕೆಯಲ್ಲಿ ಅಂತಸ್ತಿನ ಕೇಕ್ ಮಾಡುವವರಿಗೆ ಅಂಗಡಿಯ ಒಂದು ಕಿಲೋ ಬಿಳಿ ಫಾಂಡೆಂಟ್ (ಲಟ್ಟಿಸಿ ಕೇಕ್‌ಗೆ ಹೊದಿಸುವ ಸಕ್ಕರೆ ಕಣಕ) ನಿಜಕ್ಕೂ ದೊಡ್ಡ ಅನುಕೂಲ. 8 ಇಂಚು ಅಗಲ, 4 ಇಂಚು ಎತ್ತರದ ಕೇಕ್‌ಗೆ ಸುಮಾರು 800 ಗ್ರಾಂ ಸಾಕು. 17 ಇಂಚು ಅಗಲಕ್ಕೆ, 3–4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಕಾರ್ನ್‌ಫ್ಲೋರ್ ಜಾಸ್ತಿ ಉದುರಿಸಿದರೆ ಮೇಲಂಚು ಬತ್ತಿದ ಕೆರೆಯ ಮಣ್ಣಿನಂತೆ ಬಿರಿಯುತ್ತದೆ. ಬೆರಳಿಗೆ ಚೂರು ವನಸ್ಪತಿ (ಡಾಲ್ಡಾ) ಸವರಿ ತಿಕ್ಕಿದರೆ ಸಣ್ಣ ಬಿರುಕು ಮುಚ್ಚುತ್ತದೆ.

ಆದರೆ ಇದರಲ್ಲೇ ಹೂ ಮಾಡಹೋದರೆ ಎಸಳು ಜೋತುಬೀಳುತ್ತದೆ. 250 ಗ್ರಾಂಗೆ ಒಂದು ಟೀ ಚಮಚ ಟೈಲೋಸ್ ಪುಡಿ (ಫಾಂಡೆಂಟನ್ನು ಗಟ್ಟಿಯಾಗಿಸುವ ಪುಡಿ) ಹಾಕಿ ನಾದಿ, ಗಾಳಿಯಾಡದಂತೆ ಸುತ್ತಿ ರಾತ್ರಿಯಿಡೀ ಬಿಡಿ. ಉಡುಪಿಯ ಶಂಕರಪುರ ಮಲ್ಲಿಗೆಯ ಚೆಲುವಿರುವುದು ಮೊಗ್ಗಿನ ಚೂಪಿನಲ್ಲಿ: ಹೆಸರುಕಾಳಿನಷ್ಟು ಉಂಡೆಯನ್ನು ಅಂಗೈಯಲ್ಲಿ ಹೊರಳಿಸಿ ಒಂದು ತುದಿ ಮೊನೆ ಮಾಡಿ, ಬುಡಕ್ಕೆ ತಿನ್ನಬಹುದಾದ ತಿಳಿಹಸಿರು ಬಣ್ಣದ ಪುಡಿ ತಾಗಿಸಿ. ಅಷ್ಟಕ್ಕೇ ಜೀವ ಬರುತ್ತದೆ!

ಫಾಂಡೆಂಟ್‌ನ ಕೆಳಪದರಕ್ಕೆ ವಿಪ್ಡ್ ಕ್ರೀಮ್ ಬೇಡವೇ ಬೇಡ. ಅದರ ನೀರಿಗೆ ಸಕ್ಕರೆ ಕರಗಿ ಹೊದಿಕೆ ಜಾರುತ್ತದೆ. ಮೂರು ಪಾಲು ಬಿಳಿ ಚಾಕೊಲೇಟ್‌ಗೆ ಒಂದು ಪಾಲು ಕ್ರೀಮಿನ ಗನಾಶ್ (ಚಾಕೊಲೇಟನ್ನು ಕ್ರೀಮಿನಲ್ಲಿ ಕರಗಿಸಿದ ಲೇಪ) ಹಚ್ಚಿ. ಮಲ್ಲಿಗೆ ದಂಡೆಯನ್ನು ಮದುವೆ ಹಾಲ್‌ಗೆ ಹೋದ ಮೇಲೇ ಅಂಟಿಸಿ. ಫ್ರಿಜ್‌ನಿಂದ ತೆಗೆದ ಹೂ ಬೆವರಿ ಮೆತ್ತಗಾಗುತ್ತದೆ.